ಸೊಪ್ಪು ಬಸಿದ ನೀರು

ನನಗೆ ಒಂಬತ್ತನೇ ವಯಸ್ಸಿನಲ್ಲೇ ಕಿಡ್ನಿ ಕಾಯಿಲೆ ಶುರುವಾಯಿತು. ಆದರೆ ಊರಿನವರ ಕಣ್ಣಿಗೆ ಬಿದ್ದದ್ದು ಕಿಡ್ನಿಯಲ್ಲ, ನನ್ನ ತಲೆ. ಸಕ್ಕರೆ ತರಲು ಅಂಗಡಿಗೆ ಹೋದವನು ಬೆಂಕಿಪೊಟ್ಟಣ ತರುತ್ತಿದ್ದೆ. ಒಂದು ದಿನ ಹಾಲಿನ ಕ್ಯಾನನ್ನು ಮನೆಯಲ್ಲೇ ಬಿಟ್ಟು, ಬರೀ ಮುಚ್ಚಳ ಹಿಡಿದುಕೊಂಡು ಡೈರಿಯ ಸಾಲಿನಲ್ಲಿ ನಿಂತಿದ್ದೆ. ಸ್ಕೂಲಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು, ತಡವಾಗಿ. ಒಂದು ಸಲ ಕನ್ನಡ ಪಾಠದ ಮಧ್ಯೆ ಎದ್ದು ನಿಂತು ಐವತ್ತಾರು ಅಂದೆ. ಅದು ಹಿಂದಿನ ಪೀರಿಯಡ್ಡಿನ ಲೆಕ್ಕದ ಮೇಷ್ಟರಿಗೆ ಹೇಳಬೇಕಾಗಿದ್ದ ಉತ್ತರ.

ಹತ್ತನೇ ಕ್ಲಾಸು ಅರ್ಧಕ್ಕೆ ನಿಂತಿತು. ಇಪ್ಪತ್ತೊಂದು ತುಂಬಿದ ಮೇಲೆ ಮತ್ತೆ ಎಸ್ಸೆಸ್ಸೆಲ್ಸಿಗೆ ಕಟ್ಟಿದೆ. ಕೋಲಾರದಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಆಗ ನಮ್ಮ ಅಮ್ಮನಿಗೆ ವಿವರಿಸಿದರು: ಕಿಡ್ನಿ ಸೋತರೆ ರಕ್ತದಲ್ಲಿ ಕಶ್ಮಲ ಉಳಿಯುತ್ತದೆ, ಬೆಳೆಯುವ ವಯಸ್ಸಿನಲ್ಲಿ ಅದು ಮೆದುಳಿಗೂ ತಟ್ಟುತ್ತದೆ, ಗಮನ ನಿಲ್ಲುವುದಿಲ್ಲ, ನೆನಪು ನಿಧಾನವಾಗುತ್ತದೆ. ಇದು ದಡ್ಡತನವಲ್ಲ. ಅಮ್ಮ ಈ ಕೊನೆಯ ಮಾತನ್ನು ವೇಮಗಲ್ ಬರುವವರೆಗೂ ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿದಳು, ಕಂಡಕ್ಟರಿಗೆ ಎರಡು ಸಲ.

ಪರೀಕ್ಷೆಯಲ್ಲಿ ನನಗೆ ಹೆಚ್ಚು ಸಮಯ ಕೊಡಿ ಎಂದು ಡಾಕ್ಟರಮ್ಮ ಚೀಟಿ ಬರೆದುಕೊಡಬಹುದಿತ್ತು. ಆ ಚೀಟಿ ಸಿಕ್ಕರೆ ಪಾಸಾಗುವ ಆಸೆ ಇತ್ತು, ಸಿಗದಿದ್ದರೆ ಇಲ್ಲ. ಮುಂದಿನ ತಿಂಗಳು ಬಂದಾಗ ನೆನಪಿನ ಶಕ್ತಿ ಪರೀಕ್ಷಿಸಿ ನೋಡುತ್ತೇನೆ ಎಂದರು. ಜೊತೆಗೆ ಪಥ್ಯವನ್ನೂ ಹೇಳಿದರು: ಸೊಪ್ಪು, ಕಾಳು ಚೆನ್ನಾಗಿ ಬೇಯಿಸಿ ನೀರು ಬಸಿದು ಕೊಡಿ, ಸೋತ ಕಿಡ್ನಿಗೆ ಆಗದ ಪೊಟ್ಯಾಸಿಯಂ ಕಡಿಮೆಯಾಗುತ್ತದೆ. ಅಮ್ಮನಿಗೆ ಇಷ್ಟು ಸುಲಭದ ಪಥ್ಯ ಇದೆಯೆಂದು ಗೊತ್ತೇ ಇರಲಿಲ್ಲ. ತಿಂಗಳಿಡೀ ದಿನ ತಪ್ಪದೆ ಬಸಿದಳು.

ಮತ್ತೆ ಹೋದ ದಿನ ಬಸ್ಸಿನಲ್ಲಿ ಅಮ್ಮ ನನ್ನ ಕಿವಿಯ ಹತ್ತಿರ ಬಾಗಿದಳು.

"ಲೇ, ಕೇಳಿದ್ದಕ್ಕೆಲ್ಲಾ ಸರಿಯಾಗಿ ಹೇಳ್ಬಿಡ್ಬೇಡ ಕಣೋ. ಚೀಟಿ ಕೊಡಲ್ಲ ಆಮೇಲೆ. ಒಂದೆರಡು ಮರ್ತು ಹೋಗು."

ಹುಟ್ಟಿದಾಗಿನಿಂದ ಮರೆಯಬೇಡ ಎಂದು ಬೈಯುತ್ತಿದ್ದವಳು ಮರೆ ಎಂದದ್ದು ಅದೇ ಮೊದಲು.

ರಕ್ತದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಇಳಿಯುವ ಬದಲು ಏರಿತ್ತು. ಬಸಿಯುತ್ತಿಲ್ಲವಾ ಎಂದು ಡಾಕ್ಟರಮ್ಮ ಕೇಳಿದರು. ಒಂದು ದಿನವೂ ತಪ್ಪಿಲ್ಲ ಎಂದು ಅಮ್ಮ ಮನೆದೇವರ ಮೇಲೆ ಆಣೆ ಇಟ್ಟಳು. ಅವರು ಹಣೆ ಉಜ್ಜಿಕೊಂಡು ನನ್ನ ಕಡೆ ತಿರುಗಿದರು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳಿದರು. ಮೂರು ಹೇಳಿ, ಅವರು ಹೇಳದೇ ಇದ್ದ ಬದನೆಕಾಯಿಯನ್ನೂ ಸೇರಿಸಿದೆ. ಅಮ್ಮನ ಮುಖ ಅರಳಿತು. ಆಮೇಲೆ ನಿನ್ನೆ ಮಧ್ಯಾಹ್ನ ಏನು ಊಟ ಮಾಡಿದೆ ಎಂದರು.

ಇಲ್ಲಿ ನನ್ನ ಮಾನದ ಪ್ರಶ್ನೆ ಬಂತು. ಊಟ ಕೂಡ ಮರೆತವನು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ನಿಧಾನವಾಗಿ ಶುರು ಮಾಡಿದೆ: ರಾಗಿ ಮುದ್ದೆ, ಬೇಯಿಸಿ ಬಸಿದ ದಂಟಿನ ಸೊಪ್ಪು ಅಲಸಂದೆ ಕಾಳಿನ ಪಲ್ಯ, ಬಸ್ಸಾರು ಎರಡು ಸೌಟು, ಮತ್ತೆ ಒಂದು ಸೌಟು, ಕೊನೆಗೆ ತಟ್ಟೆಯಲ್ಲಿ ಉಳಿದದ್ದನ್ನು ಎತ್ತಿ ಕುಡಿದೆ. ಅಮ್ಮ ಹಿಂದಿನಿಂದ ಚಿವುಟುತ್ತಲೇ ಇದ್ದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮಾ, ಬಸಿದ ನೀರು ಏನ್ಮಾಡ್ತಾ ಇದೀರಿ?"

"ಸಾರು ಮಾಡ್ತೀನಿ ಮೇಡಂ. ಸತ್ವ ಎಲ್ಲಾ ಅದ್ರಾಗೇ ಇರೋದು. ಹುಷಾರಿಲ್ಲದ ಮಗ ಅಂತ ಇವನಿಗೇ ಜಾಸ್ತಿ ಬಡಿಸ್ತೀನಿ."

ಆ ಸತ್ವವನ್ನು ತೆಗೆಯಲೆಂದೇ ಬಸಿಯಲು ಹೇಳಿದ್ದು ಎಂದು ಅವರು ತಿಳಿಸಿದಾಗ ಅಮ್ಮ ತಿಂಗಳಿಡೀ ಬಡಿಸಿದ ಸೌಟುಗಳನ್ನು ಬೆರಳು ಮಡಚಿ ಎಣಿಸತೊಡಗಿದಳು. ಆಮೇಲೆ ಚೀಟಿಯ ನೆನಪಾಯಿತು. ಇಷ್ಟೆಲ್ಲ ಹೇಳಿಬಿಟ್ಟನಲ್ಲ, ಇನ್ನು ಕೊಡುವುದಿಲ್ಲವೇನೋ ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ನೆನಪೆಲ್ಲಾ ಒಳಗಿದೆ ಕಣಮ್ಮ. ಆಚೆಗೆ ಬರೋಕೆ ಟೈಮ್ ಬೇಕು, ಅಷ್ಟೇ. ಅದಕ್ಕೇ ಚೀಟಿ," ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ಆ ಚೀಟಿಯಿಂದ ಪರೀಕ್ಷೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೂ ನಾನೊಬ್ಬನೇ ಕೂತು ಬರೆದೆ. ಉತ್ತರಗಳು ಒಂದೊಂದಾಗಿ ಬಂದವು. ಸಮಾಜದ ಒಂದು ಉತ್ತರ ಮಾತ್ರ ವಿಜ್ಞಾನದ ದಿನ ಬಂತು. ಅದಕ್ಕೆ ಯಾವ ಚೀಟಿಯೂ ಇರಲಿಲ್ಲ. ಆದರೂ ಪಾಸಾದೆ.

ಫಲಿತಾಂಶದ ದಿನ ಅಮ್ಮ ಸೊಪ್ಪು ಬೇಯಿಸಿದಳು. ಬಸಿದ ನೀರಿನ ಪಾತ್ರೆ ನನ್ನ ಕೈಗೆ ಕೊಟ್ಟು, ನೀನೇ ಚೆಲ್ಲು, ನನ್ನ ಕೈಲಾಗಲ್ಲ ಎಂದು ಗೋಡೆಯ ಕಡೆ ತಿರುಗಿ ನಿಂತಳು.