ಕರುವಿಗೆ ಬಿಟ್ಟ ಪಾಲು

ಪವಿತ್ರಳ ಹೆಬ್ಬೆರಳಿನ ಗೆಣ್ಣು ಜಡ್ಡುಗಟ್ಟಿತ್ತು. ಹೆಬ್ಬೆರಳು ಮಡಚಿ ಹಾಲು ಕರೆಯುವವರಿಗೆ ಹಾಗಾಗುತ್ತದಂತೆ. ಬೆಳಿಗ್ಗೆ ಮನೆಯ ಹಸುಗಳನ್ನು ಕರೆದು, ಡೇರಿಗೆ ಹಾಲು ಹಾಕಿ, ಶಾಂತಿಗ್ರಾಮದಲ್ಲಿ ಬಸ್ಸು ಹತ್ತುತ್ತಿದ್ದಳು. ಚನ್ನರಾಯಪಟ್ಟಣದಿಂದ ಬರುವ ನಾನು ಅವಳಿಗೊಂದು ಸೀಟು ಹಿಡಿದಿರುತ್ತಿದ್ದೆ. ಕಾಲೇಜಿನ ಖೋಖೋ ತಂಡದಲ್ಲಿದ್ದಳು. ಬ್ಯಾಗಿಗೆ ಲೇಸಿನಿಂದ ಕಟ್ಟಿದ ಕ್ಯಾನ್ವಾಸ್ ಶೂ ನೇತಾಡುತ್ತ, ಬಸ್ಸು ಕುಲುಕಿದಾಗಲೆಲ್ಲ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ನನ್ನ ನೆನಪಿನಲ್ಲಿ ಆ ಶೂ ಇಲ್ಲದ ಪವಿತ್ರಳೇ ಇಲ್ಲ. ಈ ನೆನಪನ್ನು ನಂಬಬೇಡಿ; ಯಾಕೆಂದು ಹೇಳುತ್ತೇನೆ.

ಹಾಸನದಲ್ಲಿ ಬಿ.ಕಾಂ. ಮೊದಲ ಸೆಮಿಸ್ಟರು. ಏಳು ಪೇಪರು. ಪಿಯುಸಿಯಲ್ಲಿ ವಿಜ್ಞಾನ ಓದಿ ಬಂದ ನನಗೆ ಡೆಬಿಟ್ಟು ಯಾವ ಕಡೆ, ಕ್ರೆಡಿಟ್ಟು ಯಾವ ಕಡೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅಕೌಂಟ್ಸ್ ಹಿಡಿದು ಕೂತರೆ ಉಳಿದ ಆರೂ ಕೈಜಾರುತ್ತಿದ್ದವು. ಅವುಗಳ ಕಡೆ ತಿರುಗಿದರೆ ಅಷ್ಟರಲ್ಲಿ ಅಕೌಂಟ್ಸ್ ಇನ್ನೊಂದು ಅಧ್ಯಾಯ ಮುಂದೆ ಹೋಗಿರುತ್ತಿತ್ತು. ಮೊದಲ ಇಂಟರ್ನಲ್ಸಿನಲ್ಲಿ ಎಲ್ಲದರಲ್ಲೂ ಮುಗ್ಗರಿಸಿದೆ. ಕಾಲೇಜು ಬಿಡುತ್ತೇನೆ, ಮನೆಯಲ್ಲಿ ನಾಳೆಯೇ ಹೇಳುತ್ತೇನೆ ಎಂದು ಬಸ್ಸಿನಲ್ಲಿ ಅವಳ ಮುಂದೆ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ.

"ನಾಕ್ ಮೊಲೇನೂ ಕರ್ಕಂಡ್ರೆ ಕರ ಏನ್ ಕುಡೀತದೆ? ಒಂದ ಬಿಡ್ತೀವಿ. ನೀನೂ ಅಕೌಂಟ್ಸ್ ಬಿಟ್ಬುಡು ಕಣೆ. ಮುಂದಿನ್ ಸಲ ಕಟ್ಕಂಡ್ರಾಯ್ತು."

"ಫೇಲಾಗು ಅಂತೀಯಾ?"

"ಊಂ. ಒಂದ್ರಲ್ಲಿ ನೆಟ್ಟಗೆ ಫೇಲಾಗು. ಏಳ್ರಲ್ಲೂ ಅರ್ಧಂಬರ್ಧ ಆಗ್ಬ್ಯಾಡ."

ಈ ಮಾತನ್ನು ಅವಳು ಕೊಟ್ಟಿಗೆಯಲ್ಲಿ, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದಂತೆ ಈಗ ನನಗೆ ಕಾಣುತ್ತದೆ. ಅವಳ ಕೊಟ್ಟಿಗೆಯನ್ನು ನಾನು ನೋಡಿಯೇ ಇಲ್ಲ. ನೆನಪು ತನಗೆ ಬೇಕಾದ ಹಸುವನ್ನು ತಾನೇ ತಂದು ಕಟ್ಟಿಕೊಂಡಿದೆ.

ಮಾರನೆಯ ದಿನದಿಂದ ಬಸ್ಸೇ ನಮ್ಮ ಓದುವ ಕೋಣೆಯಾಯಿತು. ಅವಳು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ತಪ್ಪಿದರೆ ಆ ಜಡ್ಡುಗೆಣ್ಣಿನಿಂದ ತೊಡೆಗೆ ಒಂದು ಗುದ್ದು. ಕಂಡಕ್ಟರಿಗೂ ನಮ್ಮ ಪಾಠ ರೂಢಿಯಾಗಿ, ಟಿಕೆಟ್ಟಿಗೆ ಬಂದಾಗ "ಏನವ್ವಾ, ಇವತ್ತೂ ಮಾರ್ಕೆಟಿಂಗೇನಾ? ಮುಗಿಯಾಕಿಲ್ವಾ ಅದು?" ಎನ್ನುತ್ತಿದ್ದ. ಕಾಲೇಜು ಬಿಡುವ ಮಾತು ಮನೆಯವರೆಗೆ ಹೋಗಲೇ ಇಲ್ಲ. ಸಂಜೆಯೂ ಇಬ್ಬರೂ ಒಂದೇ ಬಸ್ಸಿಗೆ ಹೊರಡುತ್ತಿದ್ದೆವು. ಸಂಜೆ ಆಟದ ಅಭ್ಯಾಸ ಇರಬೇಕಾದವಳು ನನ್ನ ಜೊತೆ ಬಸ್ಸಿನಲ್ಲಿ ಏಕಿದ್ದಾಳೆ ಎಂದು ನಾನು ಕೇಳಲಿಲ್ಲ.

ಫಲಿತಾಂಶವೂ ಬಸ್ಸಿನಲ್ಲಿದ್ದಾಗಲೇ ಮೊಬೈಲಿಗೆ ಬಂತು. ನಾನು ಆರರಲ್ಲಿ ಪಾಸು, ಅಕೌಂಟ್ಸಿನಲ್ಲಿ ನೆಟ್ಟಗೆ ಫೇಲು. ಹಿಗ್ಗಿ ಅವಳ ಮೊಬೈಲನ್ನು ಇಣುಕಿ ನೋಡಿದೆ. ಏಳೂ ಪಾಸು. ಖುಷಿಪಡುವ ಬದಲು ಮೋಸಹೋದಂತೆ ಅನ್ನಿಸಿತು.

"ನಂಗೆ ಒಂದು ಬಿಡು ಅಂದೆ. ನೀನ್ಯಾಕೆ ಬಿಡ್ಲಿಲ್ಲ?"

"ಒಂದ್ರಲ್ ಫೇಲಾದ್ರೂ ಮನೇಲಿ ಕೂತ್ಕ ಅಂದ್ಬುಟ್ಟಿತ್ತು ನಮ್ಮಪ್ಪ. ನಿಮ್ಮನೇಲಿ ಅಂಗನ್ನಲ್ವಲ್ಲ." ಮೊಬೈಲನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. "ನಾನು ನಾಕೂ ಕರ್ಕಂಬುಟ್ಟೆ ಕಣೆ."

ಆಗ ನಾನು ಬ್ಯಾಗು ನೋಡಿದೆ. ಶೂ ಇರಲಿಲ್ಲ. ಕೇಳಿದ್ದಕ್ಕೆ, ದಸರಾ ಆದ ಮೇಲೆ ಮೈದಾನಕ್ಕೆ ಹೋಗಿಲ್ಲ, ಓದುವುದಕ್ಕೆ ಬೇರೆ ಹೊತ್ತು ಎಲ್ಲಿತ್ತು ಎಂದಳು. ತಂಡ ಅವಳನ್ನು ಬಿಟ್ಟೇ ಪಂದ್ಯಕ್ಕೆ ಹೋಗಿ ಬಂದಿತ್ತು. ಅಂದರೆ ನಾನು ಪಕ್ಕದಲ್ಲೇ ಕೂತು ಮಾರ್ಕೆಟಿಂಗ್ ಒಪ್ಪಿಸುತ್ತಿದ್ದ ಅಷ್ಟೂ ದಿನ ಆ ಬ್ಯಾಗಿನಲ್ಲಿ ಶೂ ನೇತಾಡಿಯೇ ಇಲ್ಲ. ನೆನಪಿನಲ್ಲಿ ಮಾತ್ರ ಶೂ ಕೊನೆಯ ಪರೀಕ್ಷೆಯವರೆಗೂ ಬಡಿಯುತ್ತಲೇ ಇದೆ.

ಮುಂದಿನ ವರ್ಷ ಅವಳು ಚಿಕ್ಕಮ್ಮನ ಮನೆಯಲ್ಲಿದ್ದು ಓದಲು ಹೊಳೆನರಸೀಪುರಕ್ಕೆ ಹೋದಳು. ಅಲ್ಲಿ ಆಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಫೋನಿನಲ್ಲಿ ಕೇಳಿದರೆ ಹಸುವಿನ ಸುದ್ದಿ ಹೇಳುತ್ತಾಳೆ. ನಾನು ಅಕೌಂಟ್ಸ್ ಮತ್ತೆ ಕಟ್ಟಿ ಪಾಸಾದೆ.

ಬಸ್ಸು ಶಾಂತಿಗ್ರಾಮದಲ್ಲಿ ನಿಂತಾಗ ಈಗಲೂ ಮೊಣಕಾಲನ್ನು ಒಂದಿಷ್ಟು ಒಳಕ್ಕೆ ಸರಿಸುತ್ತೇನೆ.