ಮೇಷ್ಟ್ರ ಜೇಬಿನ ಕಂಪ್ಯೂಟರು

ದೊರೆಸ್ವಾಮಿ ಮೇಷ್ಟ್ರಿಗೆ ಕಣ್ಣಿರುವವರ ಮೇಲೆ ಒಂದೇ ಒಂದು ದೂರಿತ್ತು: ಯಾರೂ ಏನನ್ನೂ ಪೂರ್ತಿ ಓದಿ ಹೇಳುವುದಿಲ್ಲ. ಶಾಲೆಗೆ ಸುತ್ತೋಲೆ ಬಂದರೆ ‘ಅದೇ ಮಾಮೂಲಿ ಸಾರ್’ ಎನ್ನುತ್ತಾರೆ. ಮದುವೆಯ ಕರೆಯೋಲೆ ಬಂದರೆ ‘ಮುಂದಿನ ತಿಂಗಳು, ಬನ್ನಿ’ ಎನ್ನುತ್ತಾರೆ. ಬ್ಯಾಂಕಿನಲ್ಲಂತೂ ಕೈ ಹಿಡಿದು ಬೆರಳನ್ನು ಕಾಗದದ ಮೇಲಿಟ್ಟು, ಇಲ್ಲಿ ಸಹಿ ಹಾಕಿ ಎನ್ನುತ್ತಾರೆಯೇ ಹೊರತು ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಹೇಳುವ ಪುಣ್ಯಾತ್ಮರು ಸಿಕ್ಕಿದ್ದಿಲ್ಲ. ಅವರಿಗೆಲ್ಲ ಮೇಷ್ಟ್ರ ಮೇಲೆ ಮರುಕವೇನೋ ಇತ್ತು. ಆ ಮರುಕವೇ ಮೇಷ್ಟ್ರಿಗೆ ಮೈ ಉರಿಸುತ್ತಿತ್ತು.

ಇದು ಶುರುವಾದದ್ದು ತೊಣ್ಣೂರಿನಲ್ಲಿ, ಅವರ ತಾಯಿಯಿಂದಲೇ. ಮೂರರ ವಯಸ್ಸಿಗೆ ಜ್ವರ ಬಂದು ದೃಷ್ಟಿ ಹೋದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕೆ ದಿನಾ ಪತ್ರಿಕೆ ಓದುತ್ತಿದ್ದಳು. ಸಾವು, ಅಪಘಾತ, ಕೊಲೆಗಳನ್ನು ಮಾತ್ರ ಹಾರಿಸಿಬಿಡುತ್ತಿದ್ದಳು. ಮೈಸೂರಿನ ಅಂಧರ ಹಾಸ್ಟೆಲಿಗೆ ಸೇರುವವರೆಗೂ ಬಸ್ಸುಗಳು ಉರುಳುತ್ತವೆ ಎಂಬ ವಿಷಯವೇ ಈ ಹುಡುಗನಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಬಸ್ಸಿಗಿಂತ ಅಮ್ಮನ ಮೇಲೇ ಹೆಚ್ಚು ಸಿಟ್ಟು ಬಂದಿತ್ತು. ಅಪ್ಪನ ಜೊತೆ ದೇವಸ್ಥಾನದ ಪಾರಾಯಣ ಗೋಷ್ಠಿಯಲ್ಲಿ ಕುಳಿತು ಆಳ್ವಾರರ ಪಾಶುರಗಳನ್ನು ಕಿವಿಯಿಂದಲೇ ಕಲಿತವರು ಮೇಷ್ಟ್ರು. ಅಲ್ಲಿ ಒಂದು ಅಕ್ಷರ ನುಂಗಿದರೂ ಎದುರು ಸಾಲಿನ ಹಿರಿಯರು ತೊಡೆ ತಟ್ಟಿ ನಿಲ್ಲಿಸುತ್ತಿದ್ದರು. ಅದೇ ಶಿಸ್ತು ಊರಿನ ಉಳಿದ ಕೆಲಸಗಳಲ್ಲೂ ಯಾಕಿಲ್ಲ ಎಂಬುದು ಅವರ ಪ್ರಶ್ನೆ.

ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಾಗಮಂಗಲದಲ್ಲಿ, ಆಮೇಲೆ ಶ್ರೀರಂಗಪಟ್ಟಣದಲ್ಲಿ ಇದ್ದು, ಈಗ ಪಾಂಡವಪುರದಲ್ಲಿ ಮನೆ ಮಾಡಿಕೊಂಡು ಸಂತೆಬಾಚಹಳ್ಳಿ ಕಡೆಯ ಒಂದು ಪ್ರೌಢಶಾಲೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು. ಕುರುಡು ಮೇಷ್ಟ್ರ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು ಸಲೀಸು ಎಂದುಕೊಂಡ ಮಕ್ಕಳು ಎಲ್ಲ ಊರುಗಳಲ್ಲೂ ಒಂದೇ ತಿಂಗಳಲ್ಲಿ ಆ ಆಸೆ ಬಿಟ್ಟಿದ್ದರು.

ಮನೆಯಲ್ಲಿ ಓದಿ ಹೇಳುವ ಕೆಲಸ ಹೆಂಡತಿ ಅಲಮೇಲುವಿನದು. ಬೆಳಗಿನ ಕಾಫಿ ಆದಮೇಲೆ ಮುಖಪುಟದಿಂದ ಹಿಡಿದು ಸಂಪಾದಕೀಯದವರೆಗೆ, ಒಂದು ಸಾಲೂ ಬಿಡದೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವಳಲ್ಲಿ ಕೇಳಿಕೊಂಡದ್ದು ಅದೊಂದನ್ನೇ. ಅವಳು ನಡೆಸಿಕೊಟ್ಟಿದ್ದಳು. ಈಚೀಚೆಗೆ ಮಾತ್ರ ಓದು ಗಿಡ್ಡವಾಗುತ್ತ ಬಂದಿತ್ತು.

"ಸಂಪಾದಕೀಯ ಇಷ್ಟೇನಾ?" ಎಂದು ಒಂದು ದಿನ ಕೇಳಿದರು.

"ಇಷ್ಟೇ. ಈಗೆಲ್ಲ ಚಿಕ್ಕದಾಗೇ ಬರೀತಾರೆ."

"ನೀನೂ ಎಲ್ಲರ ಥರಾನೇ ಆಗ್ಬಿಟ್ಟೆ ಅಲಮೇಲು," ಎಂದುಬಿಟ್ಟರು ಮೇಷ್ಟ್ರು. ಅವಳು ಪತ್ರಿಕೆ ಮಡಿಸಿ ಒಳಗೆ ಹೋದಳು.

ಕಂಪ್ಯೂಟರಿನ ಹುಚ್ಚು ಹಿಡಿದದ್ದು ಆ ಮಾತಿನ ನಂತರವೇ. ಪರದೆಯ ಮೇಲಿರುವುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ ಅವರಿಗೆ ಹೊಸದೇನಲ್ಲ. ನೆಗಡಿಯಾದ ಗಂಡಸಿನಂತೆ ಮಾತನಾಡಿದರೂ ಅದು ಒಂದು ಅಲ್ಪವಿರಾಮವನ್ನೂ ನುಂಗುತ್ತಿರಲಿಲ್ಲ. ತೊಂದರೆಯೆಂದರೆ ಕಂಪ್ಯೂಟರುಗಳೆಲ್ಲ ಬೇರೆಯವರವು. ಶಾಲೆಯದರಲ್ಲಿ ಹಾಕಿಸಿಕೊಂಡರೆ ಇನ್ನಾರೋ ಬಂದು ಎಲ್ಲ ಅಳಿಸಿ ಹೊಸದಾಗಿ ತುಂಬಿ ಹೋಗುತ್ತಿದ್ದರು. ಮನೆಯಲ್ಲಿದ್ದದ್ದು ಭಾವಮೈದ ಕೊಟ್ಟ ಹಳೆಯ ಲ್ಯಾಪ್‌ಟಾಪು. ಅದರ ಒಳಗಿನ ಡಿಸ್ಕು ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಮೇಷ್ಟ್ರು ಒಂದು ಉಪಾಯ ಮಾಡಿದರು. ಅಂಗೈಯಗಲದ, ಹೊರಗಿನಿಂದ ಚುಚ್ಚುವ ಡ್ರೈವೊಂದರಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ, ಮಾತನಾಡುವ ತಂತ್ರಾಂಶದ ಸಮೇತ, ಕೂರಿಸಿಬಿಡುವುದು. ಆಗ ಎಲ್ಲಿ ಚುಚ್ಚಿದರೆ ಅಲ್ಲಿ ಅದು ಅವರ ಕಂಪ್ಯೂಟರಾಗುತ್ತದೆ. ಯಾರ ದಾಕ್ಷಿಣ್ಯವೂ ಬೇಡ, ಹೆಂಡತಿಯದೂ ಬೇಡ.

ಕೂರಿಸಿಕೊಡಲು ಸಿಕ್ಕಿದವನು ಮುಖ್ತಾರ್ ಅಹಮದ್. ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸು, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿ ಮೂರನ್ನೂ ಒಂದೇ ಮಳಿಗೆಯಲ್ಲಿ ನಡೆಸುವ ಮನುಷ್ಯ. ದಿನವಿಡೀ ಜನರ ಪರವಾಗಿ ‘ನಾನು ಒಪ್ಪುತ್ತೇನೆ’ ಎಂಬಲ್ಲಿ ಟಿಕ್ ಹಾಕಿ ಹಾಕಿ, ಓದದೆ ಒಪ್ಪುವುದರಲ್ಲಿ ಅವನಷ್ಟು ಪಳಗಿದವರು ಜಿಲ್ಲೆಯಲ್ಲೇ ಇರಲಾರರು.

ಒಂದು ರಜೆಯ ಶುಕ್ರವಾರ ಗಂಡಹೆಂಡತಿ ಇಬ್ಬರೂ ಅಂಗಡಿಗೆ ಹೋದರು. ಮೊದಲ ಕಂಟಕ ಹೊಸ್ತಿಲಲ್ಲೇ. ಮುಖ್ತಾರ್ ಸಿಸ್ಟಮ್ ತುಂಬಿಟ್ಟಿದ್ದ ಪೆನ್ ಡ್ರೈವನ್ನು ಅಂಗಡಿಯ ಕಂಪ್ಯೂಟರ್ ಒಳಗೇ ಬಿಟ್ಟುಕೊಳ್ಳಲಿಲ್ಲ.

"ಏನಂತೆ?"

"ಏನೂ ಇಲ್ಲ ಮೇಷ್ಟ್ರೇ, ಸುಮ್ಕೆ ತಕರಾರು ತಗೀತದೆ."

"ತಕರಾರಿನ ಮಾತೇನು, ಓದಯ್ಯ."

‘ಸೆಕ್ಯೂರ್ ಬೂಟ್’ ಎಂದೇನೋ ಇದೆ ಎಂದ ಮುಖ್ತಾರ್. ಗುರುತಿಲ್ಲದ ಸಿಸ್ಟಮ್ಮುಗಳನ್ನು ತಡೆಯುವ ಕಾವಲದು, ಸೆಟ್ಟಿಂಗಿನೊಳಗೆ ಹೋಗಿ ಆಫ್ ಮಾಡು ಎಂದರು ಮೇಷ್ಟ್ರು. ಅವರ ಹಾಸ್ಟೆಲ್ ಗೆಳೆಯರ ಗುಂಪಿನಲ್ಲಿ ಇದೆಲ್ಲ ಚರ್ಚೆಯಾಗಿತ್ತು. ಆಫ್ ಮಾಡಿದ ಮೇಲೆ ಸಿಸ್ಟಮ್ ಒಳಗೆ ಬಂತು, ಮೇಷ್ಟ್ರ ಡ್ರೈವಿಗೆ ಅರ್ಧ ನಕಲಾಯಿತು, ಅಲ್ಲಿಗೇ ಎರರ್ ಎಂದು ನಿಂತಿತು. ಮುಖ್ತಾರ್ ತಲೆ ಕೆರೆದುಕೊಂಡು, ಮುಂದುಗಡೆಯ ತೂತಿನಲ್ಲಿ ಬರುವ ಕರೆಂಟು ಸಾಲದು ಎಂದು ಡ್ರೈವಿನ ವೈರನ್ನು ಹಿಂದುಗಡೆಗೆ ಚುಚ್ಚಿದ. ಎಲ್ಲ ಮತ್ತೆ ಮೊದಲಿನಿಂದ ಶುರುವಾಗಬೇಕು. ಅಷ್ಟರಲ್ಲಿ ನಮಾಜಿನ ಕರೆ ಕೇಳಿಸಿತು.

"ಅಮ್ಮಾವ್ರೇ, ಜುಮ್ಮಾ ಮುಗ್ಸಿ ಬಂದ್ಬುಡ್ತೀನಿ. ಏನಾರ ಕೇಳಿದ್ರೆ ಎಂಟರ್ ಒತ್ಬುಡಿ, ಅಷ್ಟೇಯ," ಎಂದು ಅಲಮೇಲುವನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಹೋದ.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು, "ಏನು ಬಂದಿದೆ?" ಎಂದರು.

"ಏನೋ ಕೇಳ್ತಿದೆ."

"ಓದು."

"ಮಾಮೂಲಿ. ಮುಂದೆ ಹೋಗ್ಲಾ ಅಂತ." ಎಂಟರ್ ಒತ್ತಿದ ಸದ್ದು ಕೇಳಿತು. ಮಾಮೂಲಿ ಎಂಬ ಮಾತಿಗೆ ಮೇಷ್ಟ್ರ ಹುಬ್ಬು ಗಂಟಿಕ್ಕಿದರೂ ಪರರ ಅಂಗಡಿಯಲ್ಲಿ ಜಗಳ ಬೇಡವೆಂದು ಸುಮ್ಮನಾದರು.

ಮುಖ್ತಾರ್ ಬಂದ ಮೇಲೆ ಎಲ್ಲ ಮುಗಿಯಿತು. ಡ್ರೈವಿನೊಳಗಿನಿಂದ ನೆಗಡಿಯ ದನಿ ‘ಸ್ವಾಗತ’ ಎಂದಾಗ ಮೇಷ್ಟ್ರು ಮುಖವೆಲ್ಲ ನಗುವಾಗಿ ಮುಖ್ತಾರನ ಕೈ ಹುಡುಕಿ ಹಿಡಿದುಕೊಂಡರು. ಡ್ರೈವನ್ನು ಕಿತ್ತು ಜೇಬಿಗಿಟ್ಟುಕೊಂಡು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಅಂದೇ ಗೋಷ್ಠಿಯ ಕೆಲಸಕ್ಕೆ ತೊಣ್ಣೂರಿಗೆ ಹೊರಟು ಭಾನುವಾರದ ತನಕ ಅಲ್ಲೇ ಇದ್ದುದರಿಂದ ಮನೆಯಲ್ಲಿ ಚುಚ್ಚಿ ನೋಡಲು ಆಗಲಿಲ್ಲ.

ಸೋಮವಾರ ಶಾಲೆಯಲ್ಲಿ ಚುಚ್ಚಿದರು. ದನಿಯೇ ಇಲ್ಲ. ಪಕ್ಕದಲ್ಲಿದ್ದ ವಿಜ್ಞಾನದ ಟೀಚರ್ ರಂಜಿತ, "ಸ್ಕ್ರೀನ್ ಕಪ್ಪಗಿದೆ ಸಾರ್," ಎಂದಳು.

"ಏನಾದ್ರೂ ಬರೆದಿದೆಯಾ?"

"ಏನೋ ಒಂದ್ಲೈನ್ ಇಂಗ್ಲಿಷಲ್ಲಿದೆ. ಮುಖ್ಯ ಅಲ್ಲ ಬಿಡಿ."

"ಮುಖ್ಯವೋ ಅಲ್ಲವೋ ನಾನು ಹೇಳ್ತೀನಮ್ಮ, ನೀನು ಓದು!" ಎಂದ ಅವರ ದನಿಗೆ ಸ್ಟಾಫ್ ರೂಮು ತಣ್ಣಗಾಯಿತು. ಶುರು ಮಾಡುವಂಥ ಡಿಸ್ಕು ಯಾವುದೂ ಸಿಗಲಿಲ್ಲ ಎಂದು ಅದು ಹೇಳುತ್ತಿತ್ತು.

ಸಂಜೆ ಬಸ್ಸಿಳಿದವರು ಮನೆಗೂ ಹೋಗದೆ ನೇರ ಮುಖ್ತಾರನ ಅಂಗಡಿಯ ಮೆಟ್ಟಿಲು ಹತ್ತಿದರು. ಒಳಗೆ ಮುಖ್ತಾರ್ ಯಾವುದೋ ಮುದುಕಿಗೆ ಹೇಳುತ್ತಿದ್ದ: "ಸರ್ವರ್ ಇಲ್ಲ ಕುಳ್ಳಮ್ಮ, ನಾಳೀಕ್ ಬಾ ಓಗು."

"ಸನಿವಾರದಿಂದ್ಲೂ ಅದ್ನೇ ಏಳ್ತಿದ್ದೀಯಲ್ಲಪ್ಪ," ಎಂದು ಗೊಣಗುತ್ತ ಆಕೆ ಇಳಿದು ಹೋದಳು.

ಮೇಷ್ಟ್ರು ಬೆಂಚಿನ ಮೇಲೆ ಕುಳಿತು ಕಿವಿಗೊಟ್ಟರು. ಹೋದ ಸಲ ಕಿವಿ ಕೊರೆಯುತ್ತಿದ್ದ ಸದ್ದು ಈಗ ಇರಲಿಲ್ಲ.

"ಸರ್ವರ್ ಇಲ್ದಿದ್ರೂ ನಿನ್ನ ಕಂಪ್ಯೂಟರಿನ ಫ್ಯಾನು ತಿರುಗಬೇಕಲ್ಲಯ್ಯ ಮುಖ್ತಾರ್?"

ಅವನು ಎದ್ದು ಬಂದು ಬೆಂಚಿನ ಮೇಲೆ ಪಕ್ಕ ಕೂತ. "ಸುಕ್ರವಾರ ನೀವು ಮನೀಗ್ ಓದ್ ಮೇಲಿಂದ ಮಿಷಿನ್ ಎದ್ದೇ ಇಲ್ಲ ಮೇಷ್ಟ್ರೇ. ಕಪ್ ಪರದೆ. ನಾನೇ ಎಲ್ಲೋ ನೋಡ್ದೆ ಒತ್ಬುಟ್ಟೆ ಅನ್ಸತೈತೆ."

"ನನಗ್ಯಾಕೆ ಹೇಳಲಿಲ್ಲ?"

"ನಿಮ್ಗೆ ಬೇಜಾರಾಯ್ತದೆ ಅಂತ."

ಆಗ ಮೇಷ್ಟ್ರಿಗೆ ಬಂದ ಸಿಟ್ಟು ಐವತ್ತು ವರ್ಷದ ಸಿಟ್ಟು. "ಬೇಜಾರಾಗೋದಕ್ಕೂ ನಾನು ಯೋಗ್ಯ ಅಲ್ವೇನಯ್ಯ? ನನ್ನ ಕೆಲಸಕ್ಕೆ ನಿನ್ನ ಅಂಗಡಿ ನಿಂತುಹೋಗಿದೆ, ಊರಿಗೆಲ್ಲ ಸುಳ್ಳು ಹೇಳ್ಕೊಂಡು ಕೂತಿದ್ದೀಯ, ನಾನು ಜೇಬು ಸವರ್ಕೊಂಡು ಮೆರೀತಾ ಇದ್ದೀನಿ! ಕುರುಡನಿಗೆ ಕತ್ತಲೆ ಹೊಸದಲ್ಲ ಕಣೋ. ಕತ್ತಲೆಯಲ್ಲಿಡೋದೇ ತಡೆಯಕ್ಕಾಗಲ್ಲ."

ಮುಖ್ತಾರ್ ಹೋಟೆಲಿನಿಂದ ಚಹಾ ತರಿಸಿದ. ಕುಡಿದ ಮೇಲೆ ಮೇಷ್ಟ್ರು ಡ್ರೈವನ್ನು ತೆಗೆದು ಕೊಟ್ಟು, ಚುಚ್ಚು ನೋಡೋಣ ಎಂದರು. ಚುಚ್ಚಿದ ಕೂಡಲೇ ಸತ್ತಂತಿದ್ದ ಕಂಪ್ಯೂಟರು ಎದ್ದು ಕೂತಿತು. ಕಿತ್ತರೆ ಮತ್ತೆ ಕಪ್ಪು. ಆಗ ಇಬ್ಬರಿಗೂ ರೋಗ ತಿಳಿಯಿತು. ಕಂಪ್ಯೂಟರು ಎದ್ದಾಗ ಯಾರನ್ನು ಎಬ್ಬಿಸಬೇಕೆಂದು ತೋರಿಸುವ ಬೂಟ್ ಲೋಡರ್ ಎಂಬುದೊಂದಿದೆ. ಅದು ಮೇಷ್ಟ್ರ ಡ್ರೈವಿಗೆ ಹೋಗುವ ಬದಲು ಮುಖ್ತಾರನ ಒಳಡಿಸ್ಕಿಗೆ ಹೋಗಿ ಕೂತಿತ್ತು. ಹೀಗಾಗಿ ಅಂಗಡಿಯ ಕಂಪ್ಯೂಟರು ಡ್ರೈವಿಲ್ಲದೆ ಏಳುತ್ತಿರಲಿಲ್ಲ, ಡ್ರೈವು ಈ ಅಂಗಡಿ ಬಿಟ್ಟು ಇನ್ನೆಲ್ಲೂ ಏಳುತ್ತಿರಲಿಲ್ಲ.

"ಮತ್ತೆ ಮೊದಲಿಂದ ಹಾಕು. ಈ ಸಲ ಒಂದಕ್ಷರ ಬಿಡಬಾರದು," ಎಂದರು ಮೇಷ್ಟ್ರು.

ಮುಖ್ತಾರ್ ಬಾಗಿಲು ಅರ್ಧ ಎಳೆದು ಕೂತು ಓದತೊಡಗಿದ. ಭಾಷೆ, ಕೀಲಿಮಣೆ, ಸಮಯವಲಯ, ಎಚ್ಚರಿಕೆಗಳು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬಲ್ಲಿ ಅವನ ಅಭ್ಯಾಸದ ಬೆರಳು ಮುಂದೋಡಿತು, ಮೇಷ್ಟ್ರು ಗೋಷ್ಠಿಯ ಹಿರಿಯರಂತೆ ತೊಡೆ ತಟ್ಟಿದರು, ಅವನು ಹಿಂದಕ್ಕೆ ಬಂದು ಪೂರ್ತಿ ಓದಿದ. ಕೊನೆಗೊಂದು ಪುಟ ಬಂತು.

"ಬೂಟ್ ಲೋಡರ್ ಯಾವ ಡಿಸ್ಕಿಗೆ ಆಕ್ಬೇಕು ಅಂತ ಕೇಳ್ತೈತೆ. ತಾನಾಗೇ ನನ್ ಡಿಸ್ಕಿನ್ ಎಸ್ರೇ ಇಟ್ಕಂಡೈತೆ ಕಣ್ರೀ."

"ಇದೇ ಪುಟ! ಹೋದ ಸಲ ಇದನ್ನ ನೀನು ನನಗೆ ಓದಲಿಲ್ಲ."

ಮುಖ್ತಾರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಯಾಕಯ್ಯ, ಮಾತಾಡು."

"ಏನೂ ಬಚ್ಚಿಡ್ಬ್ಯಾಡ ಅಂದ್ರಲ್ಲ ಮೇಷ್ಟ್ರೇ, ಅದು ಬರೀ ಮಿಷಿನ್ ಮಾತ್ಗಾ, ಎಲ್ಲದ್ಕೂವಾ?"

"ಎಲ್ಲದಕ್ಕೂ."

"ಈ ಪುಟ ಬಂದಾಗ ನಾನು ಮಸೀದೀಲಿದ್ದೆ." ಅವನ ದನಿ ಇಳಿಯಿತು. "ವಾಪಸ್ ಬಂದಾಗ ಅಮ್ಮಾವ್ರು ಮೂಗ್ನ ಪರದೆಗೇ ಒತ್ಕಂಡು ಕುಂತಿದ್ರು. ಆದ್ರೂ ಅಕ್ಷರ ಸಿಗ್ತಿರ್ನಿಲ್ಲ. ಎರಡು ಕಣ್ಗೂ ಪೊರೆ ಬಂದೈತೆ, ಬಗ್ಗಿ ನೋಡಿದ್ರೆ ಬೆಳ್ಳಗೆ ಕಾಣತದೆ. ಬಾಗ್ಲಾಚೆ ಕರ್ದು, ಅವ್ರಿಗೆ ಏಳ್ಬ್ಯಾಡಪ್ಪ ಅಂತ ನನ್ ಕೈ ಮುಟ್ಟಿ ಏಳುದ್ರು. ಅಲ್ಲಾ ಮೇಲಾಣೆ, ಅದ್ಕೇ ತಪ್ಪು ನಂದು ಅಂದೆ."

ಗಿಡ್ಡವಾದ ಓದು, ಮಾಮೂಲಿ ಎಂಬ ಉತ್ತರ, ಪತ್ರಿಕೆ ಮಡಿಸಿ ಒಳಗೆ ಹೋದ ಹೆಜ್ಜೆ, ಎಲ್ಲ ಒಟ್ಟಿಗೆ ಬಂದು ಮೇಷ್ಟ್ರ ಎದೆಯ ಮೇಲೆ ಕುಳಿತವು. ಪೂರ್ತಿ ಓದು ಓದು ಎಂದು ಗದರಿದ್ದು ಕಾಣದ ಕಣ್ಣುಗಳನ್ನು. ನೀನೂ ಎಲ್ಲರ ಥರ ಎಂದದ್ದು ತಮ್ಮ ಥರವೇ ಆಗುತ್ತಿದ್ದವಳನ್ನು.

ಮುಖ್ತಾರ್ ಕಂಪ್ಯೂಟರು ಆರಿಸಿ, ಡಬ್ಬಿ ಬಿಚ್ಚಿ ಒಳಡಿಸ್ಕಿನ ವೈರನ್ನೇ ಕಿತ್ತ. ಬರೆಯಲು ಬೇರೆ ಜಾಗವೇ ಇಲ್ಲದಂತೆ ಮಾಡಿ ಕೆಲಸ ಮುಗಿಸಿದ. ಆಮೇಲೆ ತನ್ನ ಡಿಸ್ಕನ್ನೂ ಸರಿಮಾಡಿಕೊಂಡ. ಫ್ಯಾನು ಕಿವಿ ಕೊರೆಯುತ್ತ ತಿರುಗಿತು. ಮೇಷ್ಟ್ರನ್ನು ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಅವನು ಹೊರಟ.

ಅಲಮೇಲು ಹಜಾರದಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಮೇಷ್ಟ್ರು ಚಪ್ಪಲಿ ಬಿಟ್ಟು, ಹಳೆಯ ಲ್ಯಾಪ್‌ಟಾಪಿಗೆ ಡ್ರೈವ್ ಚುಚ್ಚಿ, ಕಿವಿಗೆ ಹಾಕಿಕೊಳ್ಳುವ ವೈರನ್ನು ಪಕ್ಕಕ್ಕಿಟ್ಟರು. ನೆಗಡಿಯ ದನಿ ಹಜಾರಕ್ಕೆಲ್ಲ ಕೇಳುವಂತೆ ಆ ದಿನದ ಪತ್ರಿಕೆಯನ್ನು ಇಂಟರ್‌ನೆಟ್ಟಿನಿಂದ ಓದತೊಡಗಿತು. ಸಂಪಾದಕೀಯ ಬಂತು. ಉದ್ದವಾಗಿತ್ತು, ಮುಗಿಯಲೇ ಇಲ್ಲ. ಅಲಮೇಲುವಿನ ಕೈಯ ಸದ್ದು ನಿಂತುಹೋಯಿತು.

"ಯಾವಾಗಿಂದ ಕಾಣ್ತಿಲ್ಲ?" ಎಂದರು ಮೇಷ್ಟ್ರು.

ಅವಳು ಮೊರವನ್ನು ಕೆಳಗಿಟ್ಟಳು. "ದೀಪಾವಳಿಯಿಂದ ದಪ್ಪಕ್ಷರ ಮಾತ್ರ."

"ಮತ್ತೆ ದಿನಾ ಓದ್ತಿದ್ದೆಯಲ್ಲ?"

"ತಲೆಬರಹ ಓದ್ಕೊಳ್ತಿದ್ದೆ. ಉಳಿದದ್ದು ನಾನೇ ಕಟ್ಟಿ ಹೇಳ್ತಿದ್ದೆ. ಮನೇಲಿ ಓದೋರು ಒಬ್ರು ಇದ್ದಾರೆ ಅನ್ನೋ ಧೈರ್ಯ ನಿಮಗಿರ್ಲಿ ಅಂತ."

ಮೇಷ್ಟ್ರಿಗೆ ಏನೋ ನೆನಪಾಯಿತು. "ಹೇಮಾವತಿ ನಾಲೆ ಬಗ್ಗೆ ಬರೆದಿದ್ರಲ್ಲ, ಅದನ್ನ ಹಿಡ್ಕೊಂಡು ಸ್ಟಾಫ್ ರೂಮಲ್ಲಿ ಹೆಡ್‌ಮಾಸ್ಟರ ಜೊತೆ ಅಷ್ಟೊಂದು ವಾದ ಮಾಡಿದ್ದೆ..."

"ಅದೂ ನಂದೇ."

ಮೇಷ್ಟ್ರಿಗೆ ನಗು ಬಂತು. ತಡಕಾಡಿಕೊಂಡು ಹೋಗಿ ಅವಳ ಪಕ್ಕ ನೆಲದ ಮೇಲೆ ಕುಳಿತರು, ಹುರುಳಿಕಾಯಿಯ ಮೊರ ಕಾಲಿಗೆ ತಾಗಿ ಚೆಲ್ಲಿತು. "ನಾಳೆ ರಜ ಹಾಕ್ತೀನಿ. ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರನ್ನ ನೋಡೋಣ. ಪೊರೆ ತೆಗೀತಾರೆ, ಸರಿಹೋಗುತ್ತೆ. ಅಂದದ್ದಕ್ಕೆಲ್ಲ ಕ್ಷಮಿಸು ಅಲಮೇಲು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ಹಿಂದೆ ನೆಗಡಿಯ ದನಿ ಅಲ್ಪವಿರಾಮ ಸಮೇತ ಓದುತ್ತಲೇ ಇತ್ತು. ಮೇಷ್ಟ್ರು ಕೈಚಾಚಿ ಅದನ್ನು ನಿಲ್ಲಿಸಿದರು.

"ಸರಿ," ಎಂದರು, "ಇವತ್ತಿನ ಸಂಪಾದಕೀಯ ಏನು? ನೀನು ಹೇಳು."