ಗಾಜು ಮೇಲೇರಿದ ಭಾನುವಾರ

ದೆಹಲಿ ಹತ್ತಿರದ ಮಾನೇಸರಿನ ಆ ಕಾರ್ಖಾನೆಯಲ್ಲಿ ನಾವು ತಯಾರಿಸುತ್ತಿದ್ದದ್ದು ಒಂದೇ ಸಾಮಾನು. ಕಾರಿನ ಬಾಗಿಲೊಳಗೆ ಕೂತು ಕಿಟಕಿಯ ಗಾಜನ್ನು ಏರಿಸಿ ಇಳಿಸುವ ಯಂತ್ರ. ಪುಟ್ಟದೊಂದು ಮೋಟರ್, ಅದು ತಿರುಗಿಸುವ ಪ್ಲಾಸ್ಟಿಕ್ ಗಾಲಿ, ಗಾಲಿಗೆ ಸುತ್ತಿದ ತೆಳು ಉಕ್ಕಿನ ಕೇಬಲ್, ಕೇಬಲ್ ಎಳೆದ ಹಾಗೆ ಕಬ್ಬಿಣದ ಪಟ್ಟಿಯ ಮೇಲೆ ಜಾರುವ ಒಂದು ಹಿಡಿ. ಆ ಹಿಡಿಗೆ ಗಾಜನ್ನು ಬಿಗಿಯುತ್ತಾರೆ. ಬಟನ್ ಒತ್ತಿದರೆ ಗಾಜು ಏರುತ್ತದೆ. ಇಷ್ಟೇ.

ನಾನು ಕ್ವಾಲಿಟಿ ವಿಭಾಗದಲ್ಲಿದ್ದೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಇಲ್ಲಿಗೆ ಬಂದು ಒಂದು ವರ್ಷ ಕಳೆದಿತ್ತು. ದಿನಕ್ಕೆ ಮುನ್ನೂರು ಪೀಸುಗಳ ಅಳತೆ ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ನನ್ನ ಕೆಂಪು ಚೀಟಿಗೆ, ಪೀಸು ಜೋಡಿಸುವ ಲೈನಿನ ಹೆಂಗಸರೆಲ್ಲ ಹೆದರುತ್ತಿದ್ದರು. ಆದರೆ ಒಂದು ಮಾತು ಯಾರಿಗೂ ಗೊತ್ತಿರಲಿಲ್ಲ. ಆ ಯಂತ್ರ ಬಾಗಿಲೊಳಗೆ ಹೇಗೆ ಕೂರುತ್ತದೆ ಎನ್ನುವುದನ್ನು ನಾನು ಡ್ರಾಯಿಂಗಿನಲ್ಲಿ ನೋಡಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದೆಂದು ಯಾರನ್ನೂ ಕೇಳಿರಲಿಲ್ಲ.

ಗುರಗಾಂವಿನ ನನ್ನ ಬಾಡಿಗೆ ಕೋಣೆಯಿಂದ ಕಾರ್ಖಾನೆಗೆ ಓಡಾಡಲು ಒಂದು ಹಳೇ ಕಾರು ಕೊಂಡಿದ್ದೆ. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಕನ್ನಡದ ಅಂಕಲ್ ಒಬ್ಬರು ರಿಟೈರ್ ಆಗಿ ಮೈಸೂರಿಗೆ ಹೊರಟಾಗ ಮಾರಿದ್ದು. ಹನ್ನೊಂದು ವರ್ಷದ ಗಾಡಿಯಾದರೂ ಮುಂದಿನ ಎರಡು ಕಿಟಕಿಗೆ ಬಟನ್ ಇತ್ತು. ಕೀ ಕೊಡುವಾಗ ಅಂಕಲ್ ಅದನ್ನೇ ಎರಡು ಸಲ ಒತ್ತಿ ತೋರಿಸಿದ್ದರು.

ಜನವರಿಯ ಒಂದು ಬುಧವಾರ, ಮಂಜು ಇನ್ನೂ ಕರಗಿರದ ಬೆಳಿಗ್ಗೆ, ಟೋಲ್ ಗೇಟಿನಲ್ಲಿ ದುಡ್ಡು ಕೊಡಲು ಗಾಜು ಇಳಿಸಿದೆ. ಚಿಲ್ಲರೆ ತಗೊಂಡು ಮೇಲೇರಿಸಲು ಬಟನ್ ಒತ್ತಿದೆ. ಒಳಗೆ ಗರಗರ ಎಂದಿತು, ಏನೋ ಲಟಕ್ಕೆಂದಿತು, ಅರ್ಧಕ್ಕೆ ಬಂದಿದ್ದ ಗಾಜು ಧೊಪ್ಪೆಂದು ಬಾಗಿಲೊಳಗೆ ಬಿದ್ದುಬಿಟ್ಟಿತು. ಆಮೇಲೆ ಎಷ್ಟು ಒತ್ತಿದರೂ ಮೋಟರ್ ತಿರುಗುವ ಸದ್ದು ಮಾತ್ರ. ಹಿಂದಿನ ಲಾರಿಯವನು ಹಾರ್ನ್ ಬಾರಿಸತೊಡಗಿದ. ಅಲ್ಲಿಂದ ಮಾನೇಸರಿನ ತನಕ ಬಲಗಿವಿಗೆ ಗಾಳಿ ಹೊಡೆಸಿಕೊಂಡು ಹೋದೆ. ಕಾರ್ಖಾನೆ ಮುಟ್ಟುವಷ್ಟರಲ್ಲಿ ಅರ್ಧ ಮುಖ ಮರಗಟ್ಟಿತ್ತು.

ಗೇಟಿನ ಗಾರ್ಡ್ ನೋಡಿದವನೇ ನಕ್ಕ. "ಮೇಡಂಜೀ, ಕಿಟಕಿ ಕಾರ್ಖಾನೆಯವರ ಗಾಡಿಗೇ ಕಿಟಕಿಯಿಲ್ಲವಾ?" ಮಧ್ಯಾಹ್ನದ ಹೊತ್ತಿಗೆ ಇಡೀ ವಿಭಾಗಕ್ಕೆ ಸುದ್ದಿ ಹಬ್ಬಿತ್ತು. ಎಲ್ಲರದೂ ಒಂದೇ ಮಾತು: "ನಿಮಗೆ ಗೊತ್ತಿರದ್ದೇನು, ನೀವೇ ಮಾಡ್ಕೊಳ್ತೀರಿ ಬಿಡಿ." ನಾನೂ ನಕ್ಕು "ಹೌದು ಹೌದು" ಎಂದೆ.

ಬೇರೆ ಸಮಯದಲ್ಲಾಗಿದ್ದರೆ ಹದಿನೈದು ದಿನ ಹಾಗೇ ಓಡಾಡುತ್ತಿದ್ದೆನೋ ಏನೋ. ಆದರೆ ಸೋಮವಾರ ಅಮ್ಮ ಬರುವವಳಿದ್ದಳು. ಅವಳಿಗೆ ಕಿವಿಯ ಆಪರೇಷನ್ ಆಗಿ ಎರಡು ತಿಂಗಳಾಗಿತ್ತಷ್ಟೇ. ತಣ್ಣನೆ ಗಾಳಿ ತಾಗಲೇಬಾರದೆಂದು ಡಾಕ್ಟರ್ ಹೇಳಿದ್ದರು. ನಾನೋ, "ಟ್ಯಾಕ್ಸಿ ಯಾಕಮ್ಮಾ, ನನ್ನ ಕಾರಲ್ಲೇ ಸ್ಟೇಷನ್ನಿಗೆ ಬರ್ತೀನಿ" ಎಂದು ಫೋನಿನಲ್ಲಿ ಕೊಚ್ಚಿಕೊಂಡಿದ್ದೆ. ಮಗಳು ಒಬ್ಬಳೇ ದೆಹಲಿ ಕಡೆ ಇದ್ದಾಳೆಂದು ವರ್ಷವಿಡೀ ನಿದ್ದೆಗೆಟ್ಟವಳಿಗೆ ಕಾರಿನ ಸುದ್ದಿಯೊಂದೇ ಧೈರ್ಯ ಕೊಟ್ಟಿತ್ತು. ಅದಕ್ಕೇ ಟ್ಯಾಕ್ಸಿ ಮಾಡೋಣವೆಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಗುರುವಾರ ಸಂಜೆ ಪಾರ್ಕಿಂಗಿನಲ್ಲಿ ನಿಂತು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದೆ. ಬಸ್ಸಿಗೆ ಹೊರಟಿದ್ದ ಹೆಂಗಸರ ಗುಂಪಿನಿಂದ ಒಬ್ಬಳು ಬಂದು, ಕೇಳದೇ ಹಾಳೆಯ ಇನ್ನೊಂದು ತುದಿ ಹಿಡಿದಳು. ಮುಖ ಗುರುತಿತ್ತು. ಗಾಲಿಗೆ ಕೇಬಲ್ ಸುತ್ತುವವಳು. ಹರಿಯಾಣದ ಹಳ್ಳಿಯವಳು, ನನ್ನದೇ ವಯಸ್ಸು. ಅವಳು ಮಾಡಿದ ಪೀಸುಗಳಿಗೆ ನಾನು ಒಂದೆರಡು ಸಲ ಕೆಂಪು ಚೀಟಿ ಹಚ್ಚಿದ್ದೂ ಉಂಟು.

"ಮೇಡಂ, ಕೆಟ್ಟಿರೋದು ನಮ್ಮದೇ ಸಾಮಾನಾ?" ಎಂದು ಕೇಳಿದಳು.

"ನಮ್ಮ ಕಂಪನಿಯದ್ದಲ್ಲ. ಆದರೆ ಅಂಥದ್ದೇ."

ಅವಳು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. "ಮೂರು ವರ್ಷದಿಂದ ಸುತ್ತುತ್ತಾ ಇದ್ದೀನಿ. ಕಾರಿಗೆ ಹೋಗುತ್ತೆ ಅಂತ ಗೊತ್ತು. ಕಾರಲ್ಲಿ ಎಲ್ಲಿಗೆ ಹೋಗುತ್ತೆ, ಮೇಡಂ? ಇದರೊಳಗೇನಾ?"

ವಿವರಿಸಲು ಬಾಯಿ ತೆರೆದೆ. ಡ್ರಾಯಿಂಗಿನಲ್ಲಿದ್ದ ಗೆರೆಗಳೆಲ್ಲ ಕಣ್ಣ ಮುಂದೆ ಬಂದವು, ಬಾಗಿಲು ಮಾತ್ರ ಬರಲಿಲ್ಲ. ಯಾಕೋ ಅವಳ ಮುಂದೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಜ ಹೇಳಲಾ? ನಾನೂ ಒಳಗಡೆ ನೋಡಿಲ್ಲ" ಎಂದೆ.

ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಹಾಗಾದರೆ ಬಿಚ್ಚಿಸೋ ದಿನ ನನ್ನನ್ನೂ ಕರೀರಿ. ನೋಡಬೇಕು" ಎಂದು ಗಂಡನ ಮೊಬೈಲ್ ನಂಬರನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ದನಿ ತಗ್ಗಿಸಿ ಕೇಳಿದಳು, "ಲೈನಿಂದ ಒಂದು ಪೀಸ್ ತಂದುಕೊಡಲಾ?"

"ಬೇಡ ಬೇಡ!" ಎಂದೆ ಗಾಬರಿಯಿಂದ. ದಿನವೂ ಸಂಜೆ ಗೇಟಿನಲ್ಲಿ ಅವರ ಊಟದ ಡಬ್ಬಿ ತೆರೆಸಿ ನೋಡುತ್ತಿದ್ದರು. ನನ್ನ ಚೀಲವನ್ನು ಯಾರೂ ಮುಟ್ಟುತ್ತಿರಲಿಲ್ಲ. ಸಿಕ್ಕಿಬಿದ್ದರೆ ಹೋಗುವುದು ಅವಳ ಕೆಲಸ. ಅಲ್ಲದೆ ನಮ್ಮ ಪೀಸು ನನ್ನ ಹಳೇ ಗಾಡಿಗೆ ಹೊಂದುವಂತೆಯೂ ಇರಲಿಲ್ಲ.

ಶನಿವಾರ ರಜೆ ಹಾಕಿ ಕರೋಲ್ ಬಾಗಿನ ಬಿಡಿಭಾಗಗಳ ಅಂಗಡಿಗಳನ್ನು ಸುತ್ತಿದೆ. ಎಲ್ಲರ ಉತ್ತರವೂ ಒಂದೇ. "ಈ ಮಾಡೆಲ್ ನಿಂತು ಎಷ್ಟೋ ವರ್ಷವಾಯ್ತು ಮೇಡಂ. ಪೂರಾ ಸೆಟ್ ತರಿಸಬೇಕು, ಹತ್ತು ದಿನ." ಕೊನೆಗೆ ಗಲ್ಲಿಯ ತುದಿಯಲ್ಲಿ ಗುಜರಿ ಕಾರುಗಳ ಸಾಮಾನು ಗುಡ್ಡೆ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು, ಅದೇ ಮಾಡೆಲಿನ ಒಂದು ಸೆಟ್ ಹುಡುಕಿ ತೆಗೆದರು. ಪಟ್ಟಿ ನೇರವಾಗಿತ್ತು, ಹಿಡಿ ಗಟ್ಟಿಯಾಗಿತ್ತು. ಕೇಬಲ್ ಮಾತ್ರ ಗಾಲಿಯಿಂದ ಬಿಚ್ಚಿಕೊಂಡು ಹಕ್ಕಿಗೂಡಿನ ಹಾಗೆ ಸಿಕ್ಕುಸಿಕ್ಕಾಗಿತ್ತು. "ಮಾಲು ಚೆನ್ನಾಗಿದೆ ಬೇಟಿ. ಯಾರಾದರೂ ಮಿಸ್ತ್ರಿ ಸುತ್ತಿ ಕೊಡ್ತಾನೆ" ಎಂದರು.

ನಮ್ಮ ಬೀದಿಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. "ಇದನ್ನೆಲ್ಲ ಯಾರು ಸುತ್ತುತ್ತಾರೆ ಮೇಡಂ, ಬಿಸಾಕಿ" ಎಂದ.

ಯಾರು ಸುತ್ತುತ್ತಾರೆಂದು ನನಗೆ ಗೊತ್ತಿತ್ತು. ಮನೆಗೆ ಬಂದು ನೋಟ್‌ಬುಕ್ ತೆರೆದು ಫೋನ್ ಮಾಡಿದೆ.

ಭಾನುವಾರ ಹನ್ನೊಂದು ಗಂಟೆಗೆ ಅವಳಿದ್ದ ಹಳ್ಳಿಗೆ ಹೋದೆ. ಕಾರ್ಖಾನೆ ಕೆಲಸಗಾರರಿಗೆಂದೇ ಸಾಲಾಗಿ ಕಟ್ಟಿದ ಕೋಣೆಗಳು, ಮುಂದೆ ಒಂದೇ ಅಂಗಳ. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಅವಳ ಗಂಡ ಬೇರೊಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದ. "ಮೆಲ್ಲಗೆ ಮಾಡೋಣ" ಎಂದು ಅವಳು ಬಾಗಿಲು ಮುಂದಕ್ಕೆಳೆದು ಬಂದಳು.

ನನ್ನ ಬಳಿ ಸ್ಕ್ರೂಡ್ರೈವರ್, ಎರಡು ಸ್ಪ್ಯಾನರ್, ಇಂಟರ್ನೆಟ್ಟಿನಲ್ಲಿ ಸಿಕ್ಕಿದ ನಾಲ್ಕು ಹಾಳೆಯ ಪ್ರಿಂಟು ಇದ್ದವು. ಮೊದಲ ಹಾಳೆಯ ಪ್ರಕಾರ ಕೈಯೂರುವ ಜಾಗದ ಕೆಳಗಿನ ಸ್ಕ್ರೂ ಬಿಚ್ಚಿದೆ. ಆಮೇಲೆ ಒಳಹೊದಿಕೆಯ ಅಂಚಿಗೆ ಬೆರಳು ಹಾಕಿ ಎಳೆಯಬೇಕಿತ್ತು. ಮುರಿದೀತೆಂದು ಹೆದರಿ ಹೆದರಿ ಎಳೆದರೆ ಅಲುಗಲಿಲ್ಲ. ಅವಳು ಪಕ್ಕಕ್ಕೆ ಬಂದು ನನ್ನ ಜೊತೆ ಕೈಹಾಕಿದಳು. ಟಪ್ ಟಪ್ ಟಪ್ ಎಂದು ಕ್ಲಿಪ್ಪುಗಳು ಬಿಟ್ಟುಕೊಂಡವು. ಪ್ರತಿ ಟಪ್ಪಿಗೂ ಅವಳು ಕೋಣೆಯ ಕಡೆ ನೋಡುತ್ತಿದ್ದಳು.

ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನಿಂದ ಬಿಡಿಸಿದಾಗ ಬಾಗಿಲಿನ ಹೊಟ್ಟೆ ತೆರೆದುಕೊಂಡಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಇಣುಕಿದೆವು. ಧೂಳು, ಒಣಗಿದ ಎಲೆ, ತಳದಲ್ಲಿ ಬಿದ್ದಿದ್ದ ಗಾಜು, ಅದರ ಪಕ್ಕ ನಮ್ಮ ಸಾಮಾನು. ನೆಟ್ಟಗೆ ನಿಂತಿದ್ದ ಪಟ್ಟಿ, ಕೆಳಗೆ ಮೋಟರ್. ಹಿಡಿ ಎರಡು ತುಂಡಾಗಿತ್ತು. ಕೇಬಲ್ಲಿನ ಎಳೆಗಳು ಬಿಚ್ಚಿ ಗಾಲಿಗೆ ಸಿಕ್ಕಿಕೊಂಡಿದ್ದವು.

"ಅರೇ, ಇಷ್ಟು ಇಕ್ಕಟ್ಟಿನಲ್ಲಿ ಇರುತ್ತಾ!" ಎಂದಳು. ನೆಂಟರ ಹುಡುಗಿಯ ಗಂಡನ ಮನೆ ನೋಡಲು ಹೋದವಳ ದನಿ ಅದು.

ಗಾಜನ್ನು ಕೈಯಿಂದ ಮೇಲೆತ್ತಿ ಟೇಪು ಹಚ್ಚಿ ನಿಲ್ಲಿಸಿದೆವು. ಬೋಲ್ಟು ಬಿಚ್ಚಿ, ಹಳೆಯದನ್ನು ಓರೆ ಮಾಡಿ, ಕೈ ತರಚಿಕೊಂಡು ಹೊರಗೆಳೆಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಅವಳು ಚಕ್ಕಳಮಕ್ಕಳ ಹಾಕಿ ಕೂತು ಗುಜರಿಯ ಕೇಬಲ್ಲನ್ನು ಬಿಡಿಸತೊಡಗಿದಳು. ಕಾರ್ಖಾನೆಯಲ್ಲಿ ಗಾಲಿಯನ್ನು ಹಿಡಿದಿಡಲು ಯಂತ್ರವಿತ್ತು. ಇಲ್ಲಿ ನನ್ನ ಎರಡು ಕೈಯೇ ಯಂತ್ರ. "ಅಲ್ಲಾಡಬೇಡಿ" ಎಂದು ಗದರಿಸಿದಳು. ಬೆರಳುಗಳನ್ನು ನೋಡದೆಯೇ ಸುತ್ತುತ್ತಿದ್ದಳು. ಒಂದು ಕಡೆಗೆ ಮೂರು ಸುತ್ತು, ತುದಿಯನ್ನು ಕುಳಿಯಲ್ಲಿ ಕೂರಿಸಿ, ಇನ್ನೊಂದು ಕಡೆಗೆ ಎರಡೂವರೆ. ನಾನು ಒಂದು ವರ್ಷ ಆ ಸುತ್ತುಗಳನ್ನು ಎಣಿಸಿದ್ದೆ. ಸುತ್ತುವ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ.

ನನ್ನ ಗಾಡಿಯ ಮೋಟರನ್ನು ಅದಕ್ಕೆ ಸೇರಿಸಿ, ಬಾಗಿಲೊಳಗೆ ಇಳಿಸುವ ಮುಂಚೆ ಸುಮ್ಮನೆ ತಂತಿ ಚುಚ್ಚಿ ಬಟನ್ ಒತ್ತಿದೆ. ಹಿಡಿ ಜಾರಿತು, ನಿಜ. ಮೇಲಿನ ಬಟನ್ ಒತ್ತಿದರೆ ಕೆಳಗೆ, ಕೆಳಗಿನದು ಒತ್ತಿದರೆ ಮೇಲೆ.

ಅವಳು ಗಾಲಿಯನ್ನು ತಿರುಗಿಸಿ ನೋಡಿದಳು. ನೋಡಿದವಳೇ ಹಣೆ ಚಚ್ಚಿಕೊಂಡಳು. "ನಾನು ಎಡಬಾಗಿಲ ಲೈನಿನವಳು ಮೇಡಂ! ಇದು ಬಲಬಾಗಿಲು. ಉಲ್ಟಾ ಸುತ್ತಬೇಕಿತ್ತು."

ನನಗೆ ತಟ್ಟನೆ ಒಂದು ಉಪಾಯ ಹೊಳೆಯಿತು. "ಬಿಡು, ಮೋಟರಿನ ಎರಡು ತಂತಿ ಅದಲುಬದಲು ಮಾಡಿದರಾಯ್ತು. ಸರಿಹೋಗುತ್ತೆ" ಎಂದೆ. ಎಂಜಿನಿಯರ್ ಅನ್ನಿಸಿಕೊಂಡದ್ದಕ್ಕೆ ಇಷ್ಟಾದರೂ ಮಾಡಿದೆನೆಂಬ ಹೆಮ್ಮೆ ನನಗೆ.

ಅವಳು ತಲೆ ಅಡ್ಡಡ್ಡ ಆಡಿಸಿದಳು. "ಓಡುತ್ತೆ. ಆದರೆ ಕೇಬಲ್ ಗಾಲಿಯ ಅಂಚಿಗೆ ಉಜ್ಜುತ್ತೆ. ಎರಡು ತಿಂಗಳು ಬಾಳಲ್ಲ." ಆಮೇಲೆ ನನ್ನತ್ತ ನೋಡಿ, "ನೀವಾಗಿದ್ದರೆ ಇದಕ್ಕೆ ಕೆಂಪು ಚೀಟಿ ಹಚ್ತಿರಲಿಲ್ವಾ?" ಎಂದಳು.

ಹಚ್ಚುತ್ತಿದ್ದೆ. ಮತ್ತೆ ಗಾಲಿ ಹಿಡಿದು ಕೂತೆ. ಬಿಚ್ಚುವಾಗ ಕೇಬಲ್ ಚಿಮ್ಮಿ ಬಕೆಟ್ಟಿಗೆ ಬಡಿದು ಠಣ್ಣೆಂದಿತು. ಅವಳ ಗಂಡ ಕಂಬಳಿ ಹೊದ್ದುಕೊಂಡೇ ಹೊರಬಂದ. ಅಂಗಳದ ತುಂಬ ಹರಡಿದ್ದ ಕಾರಿನ ಒಡಲನ್ನು ನೋಡಿ ನಿದ್ದೆಯೆಲ್ಲ ಹಾರಿಹೋಯಿತೇನೋ. "ಪಕ್ಕಕ್ಕೆ ಸರೀರಿ, ನಾನು ಮಾಡ್ತೀನಿ" ಎಂದ.

"ನೀನು ಮಾಡೋದು ಬೇರಿಂಗು. ಇದು ನಂದು. ಚಹಾ ಮಾಡು ಹೋಗು" ಎಂದಳು. ಅವನು ನಗುತ್ತಾ ಹೋಗಿ ಶುಂಠಿ ಜಜ್ಜಿ ಚಹಾ ಮಾಡಿ ತಂದ.

ಎರಡನೇ ಸಲ ನಿಧಾನವಾಗಿ ಸುತ್ತಿದಳು. ಎಡಗೈ ಅಭ್ಯಾಸವಿಲ್ಲದೆ ತಡವರಿಸುತ್ತಿತ್ತು. ಒಳಗಿಳಿಸಿ, ಬೋಲ್ಟು ಬಿಗಿದು, ಟೇಪು ಕಿತ್ತು ಗಾಜನ್ನು ಹಿಡಿಗೆ ಕೂರಿಸಿದಾಗ ಬಿಸಿಲು ಅಂಗಳದ ಆಚೆ ಗೋಡೆಗೆ ಸರಿದಿತ್ತು. "ನೀನೇ ಒತ್ತು" ಎಂದು ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

ಅವಳು ಸೆರಗಿನಲ್ಲಿ ಬೆರಳು ಒರೆಸಿಕೊಂಡು ಒತ್ತಿದಳು. ಗಾಜು ಸದ್ದಿಲ್ಲದೆ ಏರಿತು. ಹೊದಿಕೆ ಹಾಕಿರದ ಬಾಗಿಲಲ್ಲಿ ಗಾಲಿ ತಿರುಗುವುದು, ಕೇಬಲ್ ಓಡುವುದು ಎಲ್ಲ ಕಾಣುತ್ತಿತ್ತು. ಮೇಲೆ ತಾಗಿ ನಿಂತಿತು. ಅವಳು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ನಾನು ಅಲ್ಲೇ ಅಂಗಳದಲ್ಲಿ ಕೂತುಬಿಟ್ಟೆ. ಅಳು ಬಂದಿತ್ತೆಂದರೆ ನಂಬುತ್ತೀರೋ ಇಲ್ಲವೋ, ಬಂದಿತ್ತು. "ಏನಾಯ್ತು ದೀದಿ?" ಎಂದಳು ಗಾಜಿಳಿಸಿ. ಅಲ್ಲಿಯವರೆಗೂ ನಾನು ಅವಳಿಗೆ ಮೇಡಂ ಆಗಿದ್ದೆ. ಅಮ್ಮ ಬರುವುದನ್ನು, ಅಮ್ಮನ ಕಿವಿಯನ್ನು, ಎಲ್ಲವನ್ನೂ ಆಗ ಹೇಳಿದೆ.

ಸೋಮವಾರ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಅಮ್ಮ ಇಳಿದಾಗ ಕಿವಿಗೆ ಹತ್ತಿ, ಅದರ ಮೇಲೆ ಮಫ್ಲರ್, ಅದರ ಮೇಲೆ ಶಾಲು. ಗಾಡಿಯಲ್ಲಿ ಕೂರಿಸಿ ಗಾಜು ಏರಿಸಿದೆ. ಹೊರಗೆ ಕೊರೆಯುವ ಚಳಿ. ಧೌಲಾ ಕುವಾಂ ದಾಟುವಷ್ಟರಲ್ಲಿ ಅವಳು ಶಾಲು ತೆಗೆದಳು, ಆಮೇಲೆ ಮಫ್ಲರ್ ಸಡಿಲಿಸಿದಳು. "ಒಳಗೆ ಬೆಚ್ಚಗಿದೆ ಕಣೇ" ಎಂದಳು. ಚಿಕ್ಕಮ್ಮನ ಮನೆ ಗೃಹಪ್ರವೇಶದ ಕತೆ ಶುರುಮಾಡಿ ಅರ್ಧದಲ್ಲೇ ನಿದ್ದೆಹೋದಳು. ಗುರಗಾಂವಿನವರೆಗೂ ನಾನು ಹಾರ್ನ್ ಮಾಡಲಿಲ್ಲ.

ಮರುದಿನ ಕಾರ್ಖಾನೆಗೆ ಹೋದರೆ, ಲೈನಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ನಮಗೂ ತೋರಿಸಿ ಎಂದು ಹಿಂದೆ ಬಿದ್ದರು. ಗಾರ್ಡನ್ನು ಒಪ್ಪಿಸಿ, ಊಟದ ಹೊತ್ತಿನಲ್ಲಿ ಗಾಡಿಯನ್ನು ಶೆಡ್ಡಿನ ಪಕ್ಕ ತಂದು ಮತ್ತೆ ಹೊದಿಕೆ ಬಿಚ್ಚಿದೆವು. ಈ ಸಲ ಐದೇ ನಿಮಿಷ. ಹತ್ತು ಹನ್ನೆರಡು ಹೆಂಗಸರು ಸರದಿಯಲ್ಲಿ ನಿಂತು ಇಣುಕಿದರು. ಅವಳು ಪಕ್ಕದಲ್ಲಿ ನಿಂತು, ಇದು ನಿಂದು, ಇದು ನಂದು ಎಂದು ಒಬ್ಬೊಬ್ಬರಿಗೂ ಬೆರಳಿಟ್ಟು ತೋರಿಸುತ್ತಿದ್ದಳು.

ಪಟ್ಟಿಗೆ ಗ್ರೀಸ್ ಹಚ್ಚುವ ಹಿರಿಯ ಹೆಂಗಸೊಬ್ಬರು ಗಾಜು ಏರಿ ಇಳಿಯುವುದನ್ನು ಬಹಳ ಹೊತ್ತು ನೋಡಿ, "ಹಿಡಿ ಇಷ್ಟು ಕೆಳಗೆ ಬರೋದೇ ಇಲ್ಲವಲ್ಲ. ಮತ್ತೆ ತಳದ ತನಕ ಗ್ರೀಸ್ ಯಾಕೆ ಹಚ್ಚಿಸ್ತೀರಿ ಮೇಡಂ?" ಎಂದು ಕೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು.

"ನನಗೆ ಗೊತ್ತಿಲ್ಲ" ಎಂದೆ. "ಕೇಳಿಕೊಂಡು ಬಂದು ಹೇಳ್ತೀನಿ."

"ಅಚ್ಛಾ" ಎಂದರು ಅವರು, ಅದರಲ್ಲೇನೂ ವಿಶೇಷವಿಲ್ಲವೆಂಬಂತೆ. ಹಿಂದಿನವರಿಗೆ ಜಾಗ ಬಿಟ್ಟು ತಮ್ಮ ಡಬ್ಬಿ ತೆರೆಯಲು ಹೋದರು.